ರೈತರ ಕಂಪನಿಯಲ್ಲಿ ಕೆಲಸ ಬೇಕಾ? ಲೆಕ್ಕದಿಂದ ಶುರು ಮಾಡಿ

ಡಿಗ್ರಿ ಮುಗಿದಿದೆ, ಬೆಂಗಳೂರಿಗೆ ಹೋಗಲು ಮನಸ್ಸಿಲ್ಲ, ಊರ ಕಡೆಯೇ ಏನಾದರೂ ಮಾಡಬೇಕು ಅನ್ನುವವರು ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಒಂದು ದಾರಿ ಇದೆ. ಜನರೇ ಷೇರು ಹಾಕಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿ, ಹಾಲಿನ ಸಂಘ, ಮಹಿಳಾ ಒಕ್ಕೂಟಗಳನ್ನು ನಡೆಸಿಕೊಡುವ ಕೆಲಸ. ಸಮಾಜಸೇವೆ ಅಂದುಕೊಂಡು ಬಂದರೆ ಬೇಗ ಬೇಜಾರಾಗುತ್ತದೆ. ಇದು ಅಪ್ಪಟ ವ್ಯಾಪಾರ.

ಹಾಗಾಗಿ ಮೊದಲು ಲೆಕ್ಕ ಕಲಿಯಿರಿ. ಕ್ಯಾಶ್ ಬುಕ್, ಸ್ಟಾಕ್ ಬುಕ್, ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಜಿಎಸ್‌ಟಿ. ಬಿಕಾಂ ಆದವರಿಗೆ ಇದು ಹೊಸದಲ್ಲ. ಕೃಷಿ ಓದಿದವರಿಗೆ ಬೆಳೆ ಗೊತ್ತಿರುತ್ತದೆ, ಪುಸ್ತಕ ಬರೆಯುವುದು ಗೊತ್ತಿರುವುದಿಲ್ಲ. ಸ್ವಸಹಾಯ ಸಂಘದಲ್ಲಿರುವ ಹೆಣ್ಣುಮಕ್ಕಳು ಸರ್ಕಾರದ ಸಂಜೀವಿನಿ ಯೋಜನೆಯಡಿ ಇರುವ ಮಹಿಳಾ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಾಗಿ ಶುರು ಮಾಡಬಹುದು. ಗೌರವಧನ ಕಡಿಮೆ, ಕಲಿಕೆ ಜಾಸ್ತಿ.

ಆಮೇಲೆ ಕಾನೂನು, ಪೂರ್ತಿ ಬೇಡ, ಕೆಲಸಕ್ಕೆ ಬೇಕಾದಷ್ಟು. 10 ಜನ ಬೆಳೆಗಾರರು ಸೇರಿದರೆ ಉತ್ಪಾದಕ ಕಂಪನಿ ಮಾಡಬಹುದು. ನಿರ್ದೇಶಕರು ಕನಿಷ್ಠ 5 ಜನ. ಯಾರ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ವಾರ್ಷಿಕ ಮಹಾಸಭೆಗೆ 14 ದಿನ ಮೊದಲೇ ನೋಟಿಸ್ ಕೊಡಬೇಕು, ಸದಸ್ಯರಲ್ಲಿ ಕಾಲು ಭಾಗವಾದರೂ ಬರಬೇಕು. ಅಂದರೆ 400 ಸದಸ್ಯರಿದ್ದರೆ 100 ಜನ! ಬಿತ್ತನೆ ಹೊತ್ತಿನಲ್ಲೋ ಹತ್ತಿ ಬಿಡಿಸುವಾಗಲೋ ಸಭೆ ಇಟ್ಟರೆ ಯಾರು ಬರುತ್ತಾರೆ? ಅಮಾವಾಸ್ಯೆ ದಿನ ಇಡಿ, ಅವತ್ತು ಹೊಲದ ಕೆಲಸ ಕಡಿಮೆ.

ನಿಜವಾದ ಪರೀಕ್ಷೆ ಇರುವುದು ಉದ್ರಿಯಲ್ಲಿ. ಸದಸ್ಯರೇ ತಮ್ಮ ಕಂಪನಿ ಬಿಟ್ಟು ಹೊರಗಡೆ ಮಾಲು ಹಾಕುತ್ತಾರೆ ಅಂತ ಕಂಪನಿ ನಡೆಸಲು ಬಂದ ಹೊಸ ಸಿಇಒಗಳು ಗೊಣಗುತ್ತಾರೆ. ಯಾಕೆ ಹಾಕುತ್ತಾರೆ ಅಂತ ಕೇಳಿ ನೋಡಿ. ಮುಂಗಾರಿನಲ್ಲಿ ಬೀಜ, ಗೊಬ್ಬರ, ಔಷಧಿ ಎಲ್ಲವನ್ನೂ ಅಂಗಡಿಯವರು ಉದ್ರಿ ಕೊಟ್ಟಿರುತ್ತಾರೆ, ಮನೆಯಲ್ಲಿ ಮದುವೆ ಅಂದರೆ ರೊಕ್ಕವನ್ನೂ ಕೊಟ್ಟಿರುತ್ತಾರೆ, ಸುಗ್ಗಿಯಲ್ಲಿ ಮಾಲು ಅವರ ಅಡತಿಗೇ, ಅಂದರೆ ಕಮಿಷನ್ ಅಂಗಡಿಗೇ ಹೋಗಬೇಕಲ್ವಾ? ನಿಮ್ಮ ಕಂಪನಿ ಕ್ವಿಂಟಲ್‌ಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಆ ಗಂಟು ಬಿಡಿಸಿಕೊಳ್ಳುವುದು ಸುಲಭವಲ್ಲ. ಅದಕ್ಕೇ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಓಡಾಡಿ ದುಡಿಯುವ ಬಂಡವಾಳ, ಅಂದರೆ ದಿನದ ವ್ಯಾಪಾರಕ್ಕೆ ಬೇಕಾದ ರೊಕ್ಕ, ಹೊಂದಿಸಿಕೊಳ್ಳಬೇಕು. ಬಿತ್ತನೆಗೆ ಗೊಬ್ಬರ ಕೊಟ್ಟವರಿಗೇ ಸುಗ್ಗಿಯಲ್ಲಿ ಮಾಲು ಸಿಗುವುದು. ತೂಕ ಸರಿ ಇರಲಿ, ಬಿಲ್ ಅವತ್ತೇ ಚುಕ್ತಾ ಆಗಲಿ. ಭಾಷಣ ಬೇಡ.

ಕೆಲಸ ಎಲ್ಲಿ ಹುಡುಕುವುದು? ಜಿಲ್ಲೆಯ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಅಧಿಕಾರಿ, ಕೃಷಿ ಮತ್ತು ತೋಟಗಾರಿಕೆ ಇಲಾಖೆ ಕಚೇರಿಗಳಲ್ಲಿ ವಿಚಾರಿಸಿದರೆ ಯಾವ ತಾಲ್ಲೂಕಿನಲ್ಲಿ ಯಾವ ಕಂಪನಿ ಇದೆ ಅಂತ ತಿಳಿಯುತ್ತದೆ. ನೇರ ಹೋಗಿ ಅಧ್ಯಕ್ಷರನ್ನು ಮಾತಾಡಿಸಿ.

ಸಂಬಳದ ಮಾತು ಬಂದಾಗ ನಾಚಬೇಡಿ. 2020ರಲ್ಲಿ ಬಂದ ಕೇಂದ್ರದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಡಿ ಸಿಇಒಗೆ ತಿಂಗಳಿಗೆ 25,000 ರೂಪಾಯಿವರೆಗೆ, ಅಕೌಂಟೆಂಟ್‌ಗೆ 10,000ದವರೆಗೆ ನೆರವಿದೆ, ಅದೂ 3 ವರ್ಷ ಮಾತ್ರ. ಆಮೇಲೆ ಕಂಪನಿ ದುಡಿದರೆ ನಿಮಗೆ ಸಂಬಳ. ಇದು ಎಷ್ಟನೇ ವರ್ಷ, ಕಳೆದ ವರ್ಷದ ಆಡಿಟ್ ಆಗಿದೆಯಾ, ಎಷ್ಟು ವ್ಯಾಪಾರ ಆಯಿತು ಅಂತ ಕೇಳಿಯೇ ಸೇರಿ. ಆಡಿಟ್ ವರದಿ ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಕಂಪನಿ ನೋಡಿಕೊಳ್ಳಿ.

ಸೇರಿದ ಮೇಲೆ ಸಹಿ ಹಾಕಿದ ಖಾಲಿ ಚೆಕ್ ಮಾತ್ರ ಇಟ್ಟುಕೊಳ್ಳಬೇಡಿ, ಅಧ್ಯಕ್ಷರು ದೂರದ ಹಳ್ಳಿಯವರಾದರೂ ಸರಿ, ಬೈಕ್ ತೆಗೆದುಕೊಂಡು ಹೋಗಿ ಬಿಲ್ ತೋರಿಸಿ ಸಹಿ ಮಾಡಿಸಿಕೊಂಡು ಬನ್ನಿ.