ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕಿ

ಬಟ್ಟೆ ಪ್ಯಾಡಿನ ಮಾತು ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಈಗ ಮತ್ತೆ ಶುರುವಾಗಿದೆ. ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂತಾಗ, ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀಯ ಸಭೆ ಮುಗಿಸಿ ಚಾ ಕುಡಿಯುವಾಗ ಯಾರಾದರೂ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ. ಹೊಲಿಯುವುದು ಹೇಗೆ, ತೊಳೆಯುವುದು ಹೇಗೆ ಅಂತ ಕೇಳುವವರು ಕಡಿಮೆ. "ದೊಡ್ಡಮ್ಮ, ಅದನ್ನು ಒಣಗಿಸುವುದು ಎಲ್ಲಿ?" ಎನ್ನುವವರೇ ಜಾಸ್ತಿ. ಅಂಗಳದಲ್ಲಿ ಅಡಕೆ ಹರಡಿದೆ, ಕೆಲಸದವರು ಬಂದು ಹೋಗುತ್ತಾರೆ, ಮಾವ ಜಗಲಿಯಲ್ಲೇ ಕೂತಿರುತ್ತಾರೆ. ನನ್ನ ಉತ್ತರ ಯಾವಾಗಲೂ ಒಂದೇ. ಅಂಗಳದ ಹಗ್ಗದಲ್ಲಿ, ಮನೆಯ ಬೇರೆ ಬಟ್ಟೆಗಳ ಸಾಲಿನಲ್ಲೇ ಬಿಸಿಲಿಗೆ ಹಾಕಿ. ಅಷ್ಟು ಧೈರ್ಯ ಬಂದರೆ ಉಳಿದದ್ದೆಲ್ಲ ಸುಲಭ. ಅದು ಬಾರದಿದ್ದರೆ ಎಷ್ಟು ಒಳ್ಳೆಯ ಪ್ಯಾಡ್ ತಂದರೂ ಪ್ರಯೋಜನ ಇಲ್ಲ.

ಹಳೇ ಕಾಲದ ಬಟ್ಟೆಗೆ ಕೆಟ್ಟ ಹೆಸರು ಬಂದದ್ದೂ ಇದರಿಂದಲೇ. ನಾವು ಹುಡುಗಿಯರಾಗಿದ್ದಾಗ ಹಳೇ ಸೀರೆ, ಹಳೇ ಪಂಚೆ ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದೆವು, ಸೊಂಟಕ್ಕೊಂದು ದಾರ ಕಟ್ಟಿ ಅದಕ್ಕೆ ಸಿಕ್ಕಿಸುವುದು. ಬಟ್ಟೆ ಒಳ್ಳೆಯದೇ ಇತ್ತು, ಮೆತ್ತಗಿನ ಹತ್ತಿ. ಆದರೆ ತೊಳೆದ ಮೇಲೆ ಅದನ್ನು ಹಟ್ಟಿಯ ಹಿಂದೆ, ಕಟ್ಟಿಗೆ ರಾಶಿಯ ಸಂದಿಯಲ್ಲಿ, ಇಲ್ಲದಿದ್ದರೆ ಒದ್ದೆ ಲಂಗದ ಅಡಿಯಲ್ಲಿ ಮುಚ್ಚಿ ಒಣಗಿಸಬೇಕಿತ್ತು. ಗಂಡಸರ ಕಣ್ಣಿಗೆ ಬೀಳಬಾರದು, ಹಾವು ದಾಟಿದರೆ ದೋಷ, ಹೀಗೆ ನೂರೆಂಟು ಹೆದರಿಕೆ. ಆ ಸಂದಿಯಲ್ಲಿ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಜಡಿಮಳೆಯ ಆಟಿ ತಿಂಗಳಲ್ಲಂತೂ ಕೇಳುವುದೇ ಬೇಡ, ಮುಂದಿನ ಸಲಕ್ಕೆ ಅಂತ ತೆಗೆದರೆ ಮುಗ್ಗಲು ವಾಸನೆ. ಅದನ್ನೇ ಮತ್ತೆ ಇಟ್ಟುಕೊಂಡು, ತೊಡೆ ಸಂದಿ ಕೆಂಪಾಗಿ, ತುರಿಸಿ, ಯಾರ ಹತ್ತಿರವೂ ಬಾಯಿ ಬಿಡಲಾರದೆ ಎಷ್ಟೋ ಹೆಂಗಸರು ವರ್ಷಗಟ್ಟಲೆ ಅನುಭವಿಸಿದ್ದಾರೆ. ಪೂರ್ತಿ ಒಣಗದ ಬಟ್ಟೆಯಲ್ಲಿ ಫಂಗಸ್ ಬೆಳೆಯುತ್ತದೆ. ತೊಂದರೆ ಕೊಟ್ಟದ್ದು ತೇವ, ಹೆಸರು ಕೆಟ್ಟದ್ದು ಬಟ್ಟೆಯದ್ದು.

ಆ ಕೆಟ್ಟ ಹೆಸರು ಸರಕಾರದ ಲೆಕ್ಕದಲ್ಲೂ ಇದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದ ಹುಡುಗಿಯರನ್ನು ಕೇಳಿದಾಗ ಶೇಕಡಾ 64 ಮಂದಿ ನ್ಯಾಪ್‌ಕಿನ್ ಎಂದರು, ಶೇಕಡಾ 50 ಮಂದಿ ಬಟ್ಟೆ ಎಂದರು. ಎರಡನ್ನೂ ಬಳಸುವವರು ಎರಡೂ ಲೆಕ್ಕಕ್ಕೆ ಬರುತ್ತಾರೆ. ನ್ಯಾಪ್‌ಕಿನ್, ಒಳಗೆ ಇಟ್ಟುಕೊಳ್ಳುವ ಮುಟ್ಟಿನ ಕಪ್ ಎಲ್ಲ ಅಲ್ಲಿ ಶುಚಿಯಾದ ವಿಧಾನದ ಪಟ್ಟಿಯಲ್ಲಿವೆ, ಬಟ್ಟೆ ಇಲ್ಲ. ತೊಳೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಗೂ ಮೂಲೆಯಲ್ಲಿ ಮುಗ್ಗಿದ ಬಟ್ಟೆಗೂ ಒಂದೇ ಖಾನೆ, ಇದು ನನಗೆ ಸರಿ ಕಾಣುವುದಿಲ್ಲ. ಈಗ ತೊಳೆದು ಬಳಸುವ ಪ್ಯಾಡಿಗೆ ಅಂತಲೇ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಬೇರೆ ಮಾನದಂಡ ಮಾಡಿದೆ, ಐಎಸ್ 17514 ಅಂತ ಅದರ ನಂಬರು. ಅಂಗಡಿಯಿಂದ ಕೊಳ್ಳುವವರು ಪ್ಯಾಕೆಟ್ಟಿನ ಮೇಲೆ ಅದು ಇದೆಯಾ ನೋಡಿ.

ನಾನು ಮತ್ತೆ ಬಟ್ಟೆಯ ಪರ ಮಾತಾಡಲು ಕಾರಣ ನಮ್ಮ ಬಚ್ಚಲೊಲೆ. ಪೇಟೆಯಲ್ಲಾದರೆ ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಳ್ಳಬಹುದು, ಹಳ್ಳಿಯ ತೋಟದ ಮನೆಯಲ್ಲಿ ಬಳಸಿದ ನ್ಯಾಪ್‌ಕಿನ್ ಎಲ್ಲಿಗೆ ಹೋಗುತ್ತದೆ ಹೇಳಿ? ಮನೆ ಮನೆಯಿಂದ ಕಸ ಕೊಂಡುಹೋಗುವ ಹರಿತ ಕರ್ಮ ಸೇನೆಯವರು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಕೊಂಡುಹೋಗುತ್ತಾರೆ, ರಕ್ತವಾದದ್ದನ್ನು ಅವರ ಕೈಗೆ ಕೊಡುವುದು ಹೇಗೆ? ಹಾಗಾಗಿ ಅದು ನೀರು ಕಾಯಿಸುವ ಒಲೆಗೆ ಬೀಳುತ್ತದೆ. ಹೊರಗಿನ ಪದರ ಪ್ಲಾಸ್ಟಿಕ್, ಒಳಗೆ ನೀರು ಹೀರಿ ಉಬ್ಬುವ ಜೆಲ್ಲು, ಸರಿಯಾಗಿ ಉರಿಯದೆ ಹೊಗೆ ಹಾಕುತ್ತದೆ. ಆ ಹೊಗೆಯಲ್ಲೇ ಮಕ್ಕಳ ಸ್ನಾನ. ಇಲ್ಲವಾದರೆ ತೋಟದಲ್ಲಿ ಗುಂಡಿ ತೆಗೆದು ಹಾಕುತ್ತಾರೆ, ಮರುದಿನ ನಾಯಿ ಎಳೆದು ಅಂಗಳಕ್ಕೇ ತಂದು ಹಾಕುತ್ತದೆ. ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕುಡಿಯುವ ಊರು ನಮ್ಮದು, ಈ ಕಸ ಮಣ್ಣಿಗೆ ಸೇರಬಾರದು.

ಕೇರಳದಲ್ಲೇ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಪಂಚಾಯತನ್ನು 2022ರ ಜನವರಿಯಲ್ಲಿ ನ್ಯಾಪ್‌ಕಿನ್ ಮುಕ್ತ ಊರು ಅಂತ ಘೋಷಿಸಿದರು. ಅಲ್ಲಿ ಮುಖ್ಯವಾಗಿ ಕೊಟ್ಟದ್ದು ಕಪ್. ಕಪ್ ಒಳ್ಳೆಯದೇ, ಒಗ್ಗಿದವರು ಬಳಸಲಿ. ಆದರೆ ಒಳಗೆ ಇಡಲು ಹೆದರುವ ಹುಡುಗಿಯರಿಗೆ, ನಮ್ಮ ವಯಸ್ಸಿನ ತಾಯಂದಿರಿಗೆ ಬಟ್ಟೆ ಹತ್ತಿರದ ದಾರಿ.

ಇನ್ನು ಹೊಲಿಯುವ ವಿಷಯ. ಹಳೇ ಕಾಸರಗೋಡು ಸೀರೆ ಇದ್ದರೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇಡ, ಕೈಮಗ್ಗದ ಹತ್ತಿ, ಒಗೆದು ಒಗೆದು ಮೆತ್ತಗಾಗಿರುತ್ತದೆ. ಹಳೇ ಬೈರಾಸು (ಮೈ ಒರೆಸುವ ಬಟ್ಟೆ), ಬಿಳಿ ಪಂಚೆ, ಅಂಗಡಿಯಲ್ಲಿ ಸಿಗುವ ಹತ್ತಿಯ ಫ್ಲಾನೆಲ್ ಎಲ್ಲ ಆಗುತ್ತದೆ. ಪಾಲಿಯೆಸ್ಟರ್ ಸೇರಿದ ಬಟ್ಟೆ ಬೇಡ, ಹೀರುವುದಿಲ್ಲ, ಬೆವರುತ್ತದೆ. ಹೊಸ ಬಟ್ಟೆಯಾದರೆ ಮೊದಲು ಮೂರು ನಾಲ್ಕು ಸಲ ಒಗೆದು ಗಂಜಿ ತೆಗೆಯಿರಿ, ಆಮೇಲೆ ಕತ್ತರಿ ಹಾಕಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಸೊಟ್ಟಗಾಗುತ್ತದೆ, ಮೊದಲ ದಿನ ಹೀರುವುದೂ ಇಲ್ಲ.

ಹೆಚ್ಚಿನವರು ಮಾಡುವುದು ಆರೇಳು ಪದರ ಒಟ್ಟಿಗೆ ಇಟ್ಟು ದಪ್ಪಕ್ಕೆ ಹೊಲಿಯುವುದು. ನಮ್ಮ ಊರಿನ ಮಳೆಗೆ ಅದು ಒಗ್ಗುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಕಾಣುತ್ತದೆ, ನಡುವೆ ಬೆರಳಲ್ಲಿ ಒತ್ತಿದರೆ ತಣ್ಣಗೆ. ಅದಕ್ಕೆ ನಾನು ಎರಡು ಭಾಗ ಮಾಡಲು ಹೇಳುತ್ತೇನೆ. ಹೊರಗಿನದ್ದು ಎರಡೇ ಪದರದ ಚೀಲ, ಹತ್ತು ಇಂಚು ಉದ್ದ, ಎರಡು ಕಡೆ ರೆಕ್ಕೆ, ರೆಕ್ಕೆಗೆ ಟಿಚ್ ಬಟನ್. ಚೀಲದ ಮೇಲುಭಾಗದಲ್ಲಿ ಒಂದು ಬಾಯಿ ಬಿಡಿ. ಒಳಗೆ ಹಾಕುವುದಕ್ಕೆ ಒಂದು ಬಿಡಿ ಬಟ್ಟೆ, ಕರವಸ್ತ್ರದ ಹಾಗೆ ಚೌಕ, ಅಂಚು ಮಡಚಿ ಹೊಲಿದದ್ದು. ಅದನ್ನು ಮೂರು ಮಡಿಕೆ ಮಾಡಿ ಚೀಲದೊಳಗೆ ತೂರಿಸಿದರೆ ಬೇಕಾದಷ್ಟು ದಪ್ಪ ಬರುತ್ತದೆ, ತೊಳೆಯುವಾಗ ಎಳೆದು ತೆಗೆದು ಬಿಡಿಸಿ ಹಾಕಿದರೆ ಒಂದೇ ಪದರ, ಸ್ವಲ್ಪ ಬಿಸಿಲಿಗೇ ಗರಿಗರಿ ಒಣಗುತ್ತದೆ. ಜಾಸ್ತಿ ಹೋಗುವ ದಿನ ಎರಡು ಹಾಕಿ. ರಾತ್ರಿಗೆ ಉದ್ದ ಹನ್ನೆರಡು ಇಂಚು ಇರಲಿ. ಸೋರುವ ಹೆದರಿಕೆ ಇದ್ದವರು ಕೆಳಗಿನ ಪದರಕ್ಕೆ ನೀರು ದಾಟದ ಪಿಯುಎಲ್ ಬಟ್ಟೆ ಹಾಕಿಸಿಕೊಳ್ಳಬಹುದು, ಶಾಲೆಗೆ ಹೋಗುವ ಮಕ್ಕಳಿಗೆ ಅದು ಬೇಕು ಅಂತ ನನ್ನ ಅಭಿಪ್ರಾಯ. ಅದಕ್ಕೆ ಇಸ್ತ್ರಿ ಹಾಕಬೇಡಿ, ಕರಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಎಲ್ಲರೂ ಕಡುಗೆಂಪು, ಕಪ್ಪು ಹುಡುಕುತ್ತಾರೆ, ಕಲೆ ಕಾಣಬಾರದು ಅಂತ. ನಾನು ಮೈಗೆ ತಾಗುವ ಪದರ ತಿಳಿ ಬಣ್ಣದ್ದೇ ಇರಲಿ ಎನ್ನುತ್ತೇನೆ. ತೊಳೆದದ್ದು ಸರಿಯಾಗಿದೆಯಾ ಅಂತ ಕಣ್ಣಿಗೆ ಕಾಣಬೇಕು, ಹೋಗುವ ರಕ್ತದ ಬಣ್ಣ, ಗಟ್ಟಿ ಎಷ್ಟಿದೆ ಅಂತಲೂ ನಮಗೆ ಗೊತ್ತಿರಬೇಕು. ತೊಳೆದ ಮೇಲೆ ಉಳಿಯುವ ತೆಳು ಕಲೆ ಕೊಳೆ ಅಲ್ಲ. ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅಂಥಲ್ಲಿ ಯಾವ ಬಿಳಿ ಬಟ್ಟೆಯೂ ಬಿಳಿ ಉಳಿಯುವುದಿಲ್ಲ.

ತೊಳೆಯುವಾಗ ಬಿಸಿನೀರು ಹಾಕಲೇಬೇಡಿ. ರಕ್ತದಲ್ಲಿ ಪ್ರೋಟೀನ್ ಇದೆ, ಬಿಸಿ ತಾಗಿದರೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ತೆಗೆದ ಕೂಡಲೇ ಹರಿಯುವ ತಣ್ಣೀರಿಗೆ ಹಿಡಿದು ನೀರು ತಿಳಿಯಾಗುವವರೆಗೆ ಹಿಂಡಿ, ಒಂದು ಸಣ್ಣ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಆಮೇಲೆ ಬಟ್ಟೆ ಸೋಪು ತಿಕ್ಕಿ ಒಗೆದು ನೊರೆ ಹೋಗುವವರೆಗೆ ಜಾಲಿಸಿ. ಇಷ್ಟೇ ಕೆಲಸ. ರಾತ್ರಿಯಿಡೀ ಮುಚ್ಚಿಟ್ಟು ನೆನೆಹಾಕಿದರೆ ನಾರುತ್ತದೆ, ಆಮೇಲೆ ಅಸಹ್ಯ ಅನಿಸುವುದು ಸಹಜ. ಅಂಟುವಾಳ ಕಾಯಿ ಇದ್ದವರು ಅದರ ನೊರೆಯಲ್ಲೂ ಒಗೆಯಬಹುದು. ಬ್ಲೀಚ್, ವಾಸನೆಯ ಕಂಫರ್ಟು ಬೇಡ, ಒಂದು ಚರ್ಮಕ್ಕೆ ಉರಿ, ಇನ್ನೊಂದು ಬಟ್ಟೆಯ ಹೀರುವ ಗುಣ ತೆಗೆಯುತ್ತದೆ. ಆ ನೀರು ಬಚ್ಚಲ ನೀರಿನ ಜೊತೆ ಬಾಳೆ ಬುಡಕ್ಕೆ ಹೋದರೆ ಬಾಳೆಗೆ ಏನೂ ಆಗುವುದಿಲ್ಲ.

ಒಣಗಿಸುವುದು ಮೊದಲೇ ಹೇಳಿದೆ, ಬಿಸಿಲು. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಏನು ಮಾಡುವುದು? ಮೆಷಿನ್ ಇದ್ದವರು ತೊಳೆದ ಮೇಲೆ ಸ್ಪಿನ್ನಿಗೆ ಹಾಕಿ. ಇಲ್ಲದವರು ಒಣ ಬೈರಾಸಿನಲ್ಲಿ ಸುತ್ತಿ ಒತ್ತಿದರೆ ಅರ್ಧ ನೀರು ಅದಕ್ಕೇ ಹೋಗುತ್ತದೆ. ಆಮೇಲೆ ಫ್ಯಾನಿನ ಅಡಿ, ಒಂದರ ಮೇಲೊಂದು ಬೀಳದ ಹಾಗೆ. ಅಡಕೆ ಒಣಗಿಸಲು ಅಂಗಳಕ್ಕೆ ಪ್ಲಾಸ್ಟಿಕ್ ಶೀಟಿನ ಮಾಡು ಹಾಕಿದವರು ಪುಣ್ಯವಂತರು, ಮೋಡದ ದಿನವೂ ಅದರೊಳಗೆ ಬೆಚ್ಚಗಿರುತ್ತದೆ, ಅಲ್ಲೊಂದು ಹಗ್ಗ ಕಟ್ಟಿ. ಬಚ್ಚಲೊಲೆಯ ಮೇಲೆ ಹಾಕುವ ಅಭ್ಯಾಸ ಒಳ್ಳೆಯದಲ್ಲ, ಹೊಗೆ, ಮಸಿ, ಕೆಳಗಿನಿಂದ ಹಬೆ. ಪೆಟ್ಟಿಗೆಗೆ ಇಡುವ ಮೊದಲು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಎರಡು ಮೂರು ದಿನ ಕಳೆದರೂ ಒಣಗದಷ್ಟು ಮಳೆಯಾದರೆ ಆ ತಿಂಗಳು ಅಂಗಡಿಯ ನ್ಯಾಪ್‌ಕಿನ್ ಬಳಸಿ, ಅದರಲ್ಲಿ ಸೋಲೇನೂ ಇಲ್ಲ. ಒದ್ದೆ ಬಟ್ಟೆಯ ಹಠ ಬೇಡ.

ಮನೆಯವರ ಮನಸ್ಸು ತಿರುಗಿಸುವುದು ಇದಕ್ಕಿಂತ ನಿಧಾನದ ಕೆಲಸ. ಕೆಲವು ಅತ್ತೆಯರಿಗೆ ಸೊಸೆ ಬಟ್ಟೆ ಬಳಸುತ್ತಾಳೆ ಎಂದರೆ ಬಡತನ ಅನಿಸುತ್ತದೆ, ಊರವರು ಏನು ಹೇಳಿಯಾರು ಅಂತ. ಕೆಲವರಿಗೆ ಹೊರಗಾದವಳ ಬಟ್ಟೆ ಮಡಿ ಬಟ್ಟೆಯ ಪಕ್ಕದಲ್ಲಿ ಇರಬಾರದು. ಅಂಥ ಮನೆಯಲ್ಲಿ ಜಗಳ ಬೇಡ, ಬೇರೆ ಹಗ್ಗ ಕಟ್ಟಿ, ಆದರೆ ಬಿಸಿಲಲ್ಲೇ ಕಟ್ಟಿ. ಹಗ್ಗ ಎಲ್ಲಿಯದ್ದಾದರೂ ಆಗಲಿ, ಬಿಸಿಲಿನ ವಿಷಯದಲ್ಲಿ ಮಾತ್ರ ಸೋಲಬೇಡಿ. ತುಳುನಾಡಿನಲ್ಲಿ ಕೆಡ್ಡಸ ಬಂದರೆ ಭೂಮಿತಾಯಿ ಮುಟ್ಟಾದಳು ಅಂತ ಮೂರು ದಿನ ಹಾರೆ, ಗುದ್ದಲಿ ಮುಟ್ಟುವುದಿಲ್ಲ, ಕಡೆಯ ದಿನ ತುಳಸಿಕಟ್ಟೆಯ ಹತ್ತಿರ ಬಾಚಣಿಗೆ, ಕನ್ನಡಿ, ಕುಂಕುಮ ಇಟ್ಟು ನೆಲಕ್ಕೆ ಎಣ್ಣೆ ಎರೆಯುತ್ತೇವೆ. ಅದೇ ಅಂಗಳದಲ್ಲಿ ನಮ್ಮ ಮಗಳ ಒಂದು ಗೇಣು ಬಟ್ಟೆ ಒಣಗಿದರೆ ತಪ್ಪೇನು? ಮನೆಯ ಹಿರಿಯ ಹೆಂಗಸರೇ ಮೊದಲು ಹಗ್ಗಕ್ಕೆ ಹಾಕಬೇಕು, ಸೊಸೆಗೆ ಬಿಟ್ಟರೆ ಅವಳಿಗೆ ಧೈರ್ಯ ಬರುವುದಿಲ್ಲ. ಗಂಡಸರು ನೋಡಿದರೆ ನೋಡಲಿ, ಮಳೆ ಬಂದಾಗ ಅವರೇ ಓಡಿ ಒಳಗೆ ತರುವ ಹಾಗಾಗಬೇಕು.

ಹುಡುಗಿಯರ ಮೇಲೆ ಹೇರಬೇಡಿ. ಕೇರಳ ಸರಕಾರ 2017ರಲ್ಲಿ ಶಿ ಪ್ಯಾಡ್ ಯೋಜನೆ ತಂದು ಶಾಲೆಗಳಲ್ಲೇ ನ್ಯಾಪ್‌ಕಿನ್ ಕೊಡಲು ಶುರುಮಾಡಿತು, ಎಷ್ಟೋ ಮಕ್ಕಳಿಗೆ ಅದರಿಂದ ಉಪಕಾರವಾಗಿದೆ. ಶಾಲೆಯ ಕಕ್ಕಸಿನಲ್ಲಿ ನೀರಿಲ್ಲದಿದ್ದರೆ ಬಟ್ಟೆ ಪ್ಯಾಡ್ ಬದಲಿಸು ಅನ್ನುವುದು ನ್ಯಾಯವಲ್ಲ. ಶಾಲೆಗೆ ನ್ಯಾಪ್‌ಕಿನ್, ಮನೆಗೆ ಬಂದ ಮೇಲೆ ಬಟ್ಟೆ, ಹೀಗೂ ನಡೆಯುತ್ತದೆ. ಹೊರಗೆ ಬಟ್ಟೆಯನ್ನೇ ಬಳಸುವವರು ಜಿಪ್ ಇರುವ ಸಣ್ಣ ಚೀಲ ಇಟ್ಟುಕೊಳ್ಳಿ, ಬಳಸಿದ್ದನ್ನು ಒಳಮುಖ ಮಡಚಿ ರೆಕ್ಕೆಯ ಬಟನ್ ಹಾಕಿದರೆ ಅಂಗೈಯಷ್ಟು ಪೊಟ್ಟಣ, ಮನೆಗೆ ಬಂದ ಕೂಡಲೇ ನೀರಿಗೆ ಹಾಕಿ. ನಾಲ್ಕರಿಂದ ಆರು ಗಂಟೆಯೊಳಗೆ ಬದಲಿಸಬೇಕು, ಬಟ್ಟೆಯಾದರೂ ಅಷ್ಟೇ, ನ್ಯಾಪ್‌ಕಿನ್ ಆದರೂ ಅಷ್ಟೇ. ಗಂಟೆಗೊಂದು ಒದ್ದೆಯಾಗುತ್ತಿದ್ದರೆ, ಏಳು ದಿನ ದಾಟಿಯೂ ನಿಲ್ಲದಿದ್ದರೆ, ತುರಿಕೆ, ಕೆಟ್ಟ ವಾಸನೆ ಇದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಹೊಸದಾಗಿ ಶುರುಮಾಡುವವರು ಒಮ್ಮೆಗೇ ಡಜನ್ ಹೊಲಿಸಬೇಡಿ. ಎರಡು ಸಾಕು. ಕಡೆಯ ಎರಡು ದಿನ, ಕಡಿಮೆ ಹೋಗುವಾಗ, ಮನೆಯಲ್ಲೇ ಇರುವಾಗ ಹಾಕಿ ನೋಡಿ. ಒಗ್ಗಿತು ಅನಿಸಿದರೆ ಆರೆಂಟು ಮಾಡಿಕೊಳ್ಳಿ, ಒಳಗಿನ ಬಿಡಿ ಬಟ್ಟೆ ಅದರ ಎರಡು ಪಟ್ಟು ಇರಲಿ. ಚೆನ್ನಾಗಿ ನೋಡಿಕೊಂಡರೆ ಮೂರು ನಾಲ್ಕು ವರ್ಷ ಬರುತ್ತದೆ. ಸವೆದು ತೆಳ್ಳಗಾದ ಮೇಲೆ ಬಟನ್ ಕಿತ್ತು ತೆಗೆದಿಡಿ, ಪಿಯುಎಲ್ ಪದರ ಇದ್ದರೆ ತೊಳೆದು ಬೇರೆ ಮಾಡಿ ಪ್ಲಾಸ್ಟಿಕ್ ಕಸದ ಚೀಲಕ್ಕೆ ಹಾಕಿ. ಉಳಿದ ಹತ್ತಿಯನ್ನು ತೆಂಗಿನ ಕಟ್ಟೆಯಲ್ಲಿ ಸೊಪ್ಪು, ಗೊಬ್ಬರ ಹಾಕುವಾಗ ಅದರ ಜೊತೆಗೆ ಹಾಕಿ ಮಣ್ಣು ಮುಚ್ಚಿ.