ಮಂಡ್ಯದ ಹಳ್ಳಿಗಳನ್ನು ಕೂತು ನೋಡುವ ಬಗೆ

ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರು ಮತ್ತು ಮಂಡ್ಯ ಪೇಟೆಗಳು ದಾರಿಹೋಕರ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಈ ಸೀಮೆಯ ಹಳ್ಳಿಗಳನ್ನು ಕಾಣಬೇಕೆಂಬ ಆಸೆಯುಳ್ಳವರು ಮೊದಲು ಮಾಡಬೇಕಾದ ಕೆಲಸವೆಂದರೆ ಆ ರಸ್ತೆಯಿಂದ ಇಳಿದು ಹಳೆಯ ರಸ್ತೆಯನ್ನು ಹಿಡಿಯುವುದು. ಎರಡನೆಯದು, ಜಿಲ್ಲೆಯ 7 ತಾಲ್ಲೂಕುಗಳನ್ನೂ ಒಂದೇ ಭಾನುವಾರ ಸುತ್ತುವ ಹಂಬಲವನ್ನು ಬಿಡುವುದು. ಒಂದು ದಿನಕ್ಕೆ ಒಂದು ಹೋಬಳಿ ಸಾಕು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಎರಡು ಮೂರು ಊರುಗಳ ನಡುವೆ ನಡೆದಾಡಿ, ಸಂಜೆಯ ಬಸ್ಸಿಗೆ ಮರಳಿದವರಿಗೆ ಸಿಗುವಷ್ಟು ಕಾರಿನಲ್ಲಿ ನೂರು ಮೈಲಿ ಓಡಿದವರಿಗೆ ಸಿಗುವುದಿಲ್ಲ.

ಊರಿಗೆ ಕಾಲಿಟ್ಟ ಕೂಡಲೇ ಅರಳಿಕಟ್ಟೆಯ ಮೇಲೋ ಟೀ ಅಂಗಡಿಯ ಮುಂದೋ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. "ಇಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳಬೇಡಿ, ಹಾಗೆ ಕೇಳಿದರೆ "ಇಲ್ಲೇನೈತೆ ಸ್ವಾಮಿ, ಒಂದು ಹಳೇ ಗುಡಿ ಐತೆ ಅಷ್ಟೇಯ" ಎಂಬ ಉತ್ತರಕ್ಕೆ ಮಾತು ಮುಗಿದುಹೋಗುತ್ತದೆ. ಅದರ ಬದಲು "ನಿಮ್ಮೂರ ಹಬ್ಬ ಯಾವಾಗ?" ಎಂದು ಕೇಳಿ ನೋಡಿ. ಊರದೇವತೆಯ ಹೆಸರು, ಕೊಂಡ ಹಾಯುವವರು ಯಾರು, ತಮಟೆಯವರು ಯಾವ ಕೇರಿಯವರು, ಪೂಜಾ ಕುಣಿತಕ್ಕೆ ಯಾವ ಊರಿನ ತಂಡ ಬರುತ್ತದೆ, ಈ ವರ್ಷ ನಾಟಕ ಉಂಟೋ ಇಲ್ಲವೋ ಎಂಬುದೆಲ್ಲ ಒಂದರ ಹಿಂದೊಂದು ಬರುತ್ತದೆ. ನನ್ನ ತಿರುಗಾಟದಲ್ಲಿ ಈ ಒಂದು ಪ್ರಶ್ನೆಯಷ್ಟು ನೆರವಾದದ್ದು ಬೇರೊಂದಿಲ್ಲ.

ಮಂಡ್ಯವನ್ನು ಬಲ್ಲೆನೆನ್ನುವವರು ಒಂದು ಆಲೆಮನೆಯಲ್ಲಿ ಅರ್ಧ ದಿನವನ್ನಾದರೂ ಕಳೆದಿರಬೇಕು. ಹುಡುಕುವುದು ಕಷ್ಟವಲ್ಲ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲಿನಲ್ಲಿ ಹೊಗೆ ಏಳುವ ಕಡೆಗೆ, ಕಾಯ್ದ ಕಬ್ಬಿನ ಹಾಲಿನ ಘಮಲು ಬರುವ ಕಡೆಗೆ ನಡೆದರಾಯಿತು. ಬೆಳಗಿನ ಹೊತ್ತಿನಲ್ಲೇ ಹೋಗಿ, ಮೊದಲು ಮಾಲೀಕರನ್ನು ಕಂಡು "ಅಣ್ಣಾ, ಬೆಲ್ಲ ಕಾಯಿಸೋದು ನೋಡಬೇಕಿತ್ತು" ಎಂದರೆ ಬೇಡವೆನ್ನುವವರು ಅಪರೂಪ. ಗಾಣದಿಂದ ಬಂದ ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಒಲೆಗೆ ಸೌದೆ. ಹಾಲು ಕಾಯುತ್ತಿದ್ದಂತೆ ಸುಣ್ಣ ಬೆರೆಸಿ, ಮೇಲೆ ಬರುವ ಮಡ್ಡಿಯನ್ನು ತೆಗೆಯುತ್ತಾ ಹೋಗುತ್ತಾರೆ. ಪಾಕ ಬಂದಿದೆಯೇ ಇಲ್ಲವೇ ಎಂದು ಹೇಳುವವರು ಒಬ್ಬರೇ. ಅವರು ನೊರೆ ಉಕ್ಕುವ ರೀತಿಯನ್ನು ನೋಡಿ, ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಿನಲ್ಲಿ ಉರುಟಿ ತಿಳಿಯುತ್ತಾರೆ. ಅವರ ಕೈಸನ್ನೆಯಾದ ಮೇಲೆಯೇ ಕೊಪ್ಪರಿಗೆ ಇಳಿಯುವುದು. ಆ ಕೆಲವು ನಿಮಿಷಗಳಲ್ಲಿ ಅವರನ್ನು ಮಾತನಾಡಿಸಬೇಡಿ, ಕೊಪ್ಪರಿಗೆಯ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಪಾಕ ಆರಿ ಅಚ್ಚಿಗೆ ಹೋಗುವ ಮುನ್ನ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಡುತ್ತಾರೆ. ಆಲೆಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಇಲ್ಲಿನ ಹಳೆಯ ನಡತೆ. ಅದಕ್ಕೆ ದುಡ್ಡು ಕೊಡಲು ಹೋಗುವುದಕ್ಕಿಂತ, ಹೊರಡುವಾಗ ಒಂದೆರಡು ಕಿಲೋ ಬೆಲ್ಲವನ್ನು ಕ್ರಯಕ್ಕೆ ಕೊಳ್ಳುವುದು ಮರ್ಯಾದೆ. ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಬಿಳಿಚಿದ ಹಳದಿಯ ಬೆಲ್ಲಕ್ಕೆ ಬಹುಮಟ್ಟಿಗೆ ರಾಸಾಯನಿಕ ಬಿದ್ದಿರುತ್ತದೆ. ಕಂದುಬಣ್ಣದ ಬೆಲ್ಲವನ್ನೇ ಕೇಳಿ ಪಡೆಯಿರಿ.

ಇಲ್ಲಿನ ಜನರ ವಿರಾಮದ ಬಗ್ಗೆ ಹೇಳುವುದಾದರೆ, ಪೌರಾಣಿಕ ನಾಟಕಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಸುಗ್ಗಿ ಮುಗಿದ ಮೇಲೆ ಬೇಸಿಗೆಯವರೆಗೆ ಬಸ್ ನಿಲ್ದಾಣಗಳ ಗೋಡೆಗಳಲ್ಲಿ, ಊರ ಬಾಗಿಲಿನ ಫ್ಲೆಕ್ಸುಗಳಲ್ಲಿ ಕುರುಕ್ಷೇತ್ರ ನಾಟಕದ ಪ್ರಕಟಣೆಗಳು ಕಾಣತೊಡಗುತ್ತವೆ, ದಿನಾಂಕವನ್ನು ಬರೆದಿಟ್ಟುಕೊಳ್ಳಿ. ದುರ್ಯೋಧನನೂ ಭೀಮನೂ ಅದೇ ಊರಿನ ರೈತರೋ ಮೇಷ್ಟರೋ ಅಂಗಡಿಯವರೋ ಆಗಿರುತ್ತಾರೆ. ಹಾರ್ಮೋನಿಯಂ ಮೇಷ್ಟರನ್ನು ಕರೆಸಿಕೊಂಡು, ಹೊಲದ ಕೆಲಸ ಮುಗಿಸಿದ ಮೇಲೆ ತಿಂಗಳುಗಟ್ಟಲೆ ರಾತ್ರಿ ಕಂದಪದ್ಯ ಕಲಿತು, ತಮ್ಮ ಪಾತ್ರಕ್ಕೆ ತಾವೇ ಹಣ ಹಾಕಿ, ಸೀನರಿ ಮತ್ತು ಉಡುಪನ್ನು ಬಾಡಿಗೆಗೆ ತಂದು ರಂಗಕ್ಕೇರುತ್ತಾರೆ. ನಾಟಕ ರಾತ್ರಿ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಹೊದೆಯಲು ಒಂದು ಕಂಬಳಿ ಇರಲಿ. ನಡುವೆ ಎದ್ದು ಹೋಗುವುದಾದರೆ ಹಿಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಆದರೆ ಎದ್ದು ಹೋಗದಿರುವುದೇ ಮೇಲು, ಏಕೆಂದರೆ ಕಡೆಯ ಗದಾಯುದ್ಧದ ಹೊತ್ತಿಗೆ ಬಂಧುಗಳೆಲ್ಲ ಹಾರ ಹಿಡಿದು ರಂಗದ ಬಳಿಗೆ ಬಂದಿರುತ್ತಾರೆ, ಹಾಡಿಗೆ "ಒನ್ಸ್ ಮೋರ್" ಕೂಗು ಏಳುತ್ತದೆ, ದಣಿದ ದುರ್ಯೋಧನ ಅದೇ ಪದ್ಯವನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಆ ಗಂಟಲಿನಲ್ಲಿರುವ ಆಸೆಯನ್ನು ಯಾವ ಸಭಾಂಗಣದಲ್ಲೂ ಕೇಳಲಾಗದು.

ಗುಡಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣ, ಮೇಲುಕೋಟೆ ಎಲ್ಲರಿಗೂ ಗೊತ್ತು. ಜನಸಂದಣಿಯಿಲ್ಲದ ಕಡೆ ಬೇಕಾದವರು ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇವಾಲಯಕ್ಕೂ, ಕೆ.ಆರ್. ಪೇಟೆ ಸಮೀಪದ ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿಗೂ ಹೋಗಲಿ. ಹೊಸಹೊಳಲಿನ ಗೋಡೆಯ ಬುಡದಲ್ಲಿ 6 ಪಟ್ಟಿಕೆಗಳಿವೆ: ಕೆಳಗಿನಿಂದ ಆನೆ, ಕುದುರೆ, ಬಳ್ಳಿ ದಾಟಿ ನಾಲ್ಕನೆಯದರಲ್ಲಿ ಪುರಾಣದ ಕಥೆಗಳು. ಆ ಒಂದೇ ಪಟ್ಟಿಕೆಯನ್ನು ಹಿಡಿದು ಪ್ರದಕ್ಷಿಣೆ ಬಂದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಕಾಣುವ ವೀರಗಲ್ಲುಗಳನ್ನೂ ನಿಂತು ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 10ನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ್ದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಅದೇ ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹಳೆಯ ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ತಿರುಗಬೇಕು. ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಹಿಂದಿನ ಹುಣಸೆಮರಗಳಲ್ಲೇ ಗೂಡು ಕಟ್ಟಿರುವುದು ಕಾಣುತ್ತದೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವನ್ನು ನೋಡಿಕೊಂಡು ಬಂದಿದ್ದಾರೆ. ಅಲ್ಲಿ ದನಿ ತಗ್ಗಿಸಿ ನಡೆಯಿರಿ. ಯಾರ ಹಿತ್ತಲಿಗಾದರೂ ಕಾಲಿಡುವ ಮುನ್ನ ಮನೆಯವರನ್ನು ಕೇಳಿ.

ಮಧ್ಯಾಹ್ನದ ಬಿಸಿಲಿನಲ್ಲಿ ತಿರುಗಬೇಡಿ. ಆ ಹೊತ್ತು ಆಟಕ್ಕೆ ಸರಿ. ಹಳೆಯ ಗುಡಿಗಳ ಹಾಸುಗಲ್ಲಿನ ಮೇಲೆ ಕೆತ್ತಿದ ಹುಲಿಕುರಿ ಆಟದ ಗೆರೆಗಳನ್ನು ಹುಡುಕಿ. ಜಗಲಿಯಲ್ಲಿ ಅಜ್ಜಿಯರಿದ್ದರೆ ಚೌಕಾಬಾರವನ್ನು ಹೇಳಿಕೊಡಿ ಎಂದು ಕೇಳಿ: ಐದಕ್ಕೈದು ಮನೆ, 4 ಕವಡೆ, ಎಲ್ಲವೂ ಬಾಯಿ ಮೇಲಾಗಿ ಬಿದ್ದರೆ 4, ಎಲ್ಲವೂ ಬೋರಲಾದರೆ 8. ಅಳಿಗುಳಿಮಣೆಗೆ 14 ಗುಳಿ, ಹುಣಸೆಬೀಜ ಸಾಕು.

ಮಳವಳ್ಳಿಯ ಕಡೆಗೆ ಹೋಗುವವರು ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರವನ್ನು ಕಾಣಲೇಬೇಕು. ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುವ ನೀಲಗಾರರು ಹರಕೆ ಹೊತ್ತ ಮನೆಗಳಿಗೆ ಬರುತ್ತಾರೆ. ಅದು ಪೂಜೆ, ಪ್ರದರ್ಶನವಲ್ಲ. ಮನೆಯವರು ಒಪ್ಪದೆ ಮೊಬೈಲಿನಲ್ಲಿ ಹಿಡಿಯಬಾರದು, ಹಾಡಿನ ನಡುವೆ ಏಳಬಾರದು, ಕಾಣಿಕೆಯನ್ನು ಕೈಗೆ ಕೊಡದೆ ತಟ್ಟೆಗೆ ಹಾಕಬೇಕು.

ಊಟಕ್ಕೆ ಕರೆದರೆ ಒಲ್ಲೆನೆನ್ನಬೇಡಿ. ಮುದ್ದೆಗೆ ಉಪ್ಸಾರು ಖಾರವನ್ನೋ ಬಸ್ಸಾರನ್ನೋ ಬಡಿಸುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಪಕ್ಕದಲ್ಲಿ ಕೂತವರನ್ನು ನೋಡಿ ಕಲಿಯಬಹುದು. ಹೊರಡುವಾಗ ಊರಿನ ಒಬ್ಬರ ಫೋನ್ ನಂಬರನ್ನು ಕೇಳಿ ಪಡೆಯಿರಿ. ಊರಹಬ್ಬದ ದಿನ ವರ್ಷವರ್ಷಕ್ಕೂ ಬದಲಾಗುತ್ತದೆ; ಹಿರಿಯರು ಕೂತು ನಿಶ್ಚಯಿಸಿ, ತಮಟೆ ಬಡಿದು ಹಬ್ಬ ಸಾರಿದ ಮೇಲೆಯೇ ಅದು ಖಚಿತ. ಆಗ ಅವರೇ ಫೋನ್ ಮಾಡಿ "ಹಬ್ಬ ಸಾರವ್ರೆ, ಮಂಗಳವಾರಕ್ಕೆ ಬಂದ್ಬುಡಿ" ಎನ್ನುತ್ತಾರೆ.