ಲ್ಯಾಪ್‌ಟಾಪಿನಲ್ಲಿ ಅಕ್ಷರ ತಪ್ಪುತ್ತಿದ್ದರೆ ಮೊದಲು ‘ಮಂಗಳೂರು’ ಅಂತ ಟೈಪ್ ಮಾಡಿ ನೋಡಿ

ನೋಟ್‌ಪ್ಯಾಡ್ ತೆರೆಯಿರಿ. ನುಡಿ ವಿನ್ಯಾಸದಲ್ಲಿ (ಯಾವ ಕೀಗೆ ಯಾವ ಕನ್ನಡ ಅಕ್ಷರ ಎಂಬ ಒಂದು ಜೋಡಣೆ ಅದು) ‘ಉಡುಪಿ’, ‘ಮಂಗಳೂರು’, ‘ಕನ್ನಡ’ ಈ ಮೂರು ಪದಗಳನ್ನು ಹತ್ತು ಹತ್ತು ಸಲ ಟೈಪ್ ಮಾಡಿ, ನಿಧಾನವಾಗಿ ಅಲ್ಲ, ದಿನಾ ಮಾಡುವ ವೇಗದಲ್ಲೇ. ಸುಮ್ನೆ ಆರಿಸಿದ ಪದಗಳಲ್ಲ ಇವು. ಉಡುಪಿಗೆ ಶಿಫ್ಟ್ ಬೇಡ, ಒತ್ತಕ್ಷರವೂ ಇಲ್ಲ. ಮಂಗಳೂರಿಗೆ ಮೂರು ಕಡೆ ಶಿಫ್ಟ್ ಬೇಕು: ಸೊನ್ನೆಗೆ, ಳಕಾರಕ್ಕೆ, ದೀರ್ಘಕ್ಕೆ. ಕನ್ನಡಕ್ಕೆ ಎಫ್ ಕೀ ಬೇಕು, ಒತ್ತು ಬರುವುದೇ ಅದರಿಂದ. ಉಡುಪಿ ಸರಿ ಬಂದು ಮಂಗಳೂರು ‘ಮಮಗಲುರು’ ಆದರೆ ತಪ್ಪುತ್ತಿರುವುದು ಶಿಫ್ಟ್. ‘ಕನನಡ’ ಬಂದರೆ ಎಫ್. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಒತ್ತು ಇರುವುದು ಡಿ ಕೀಯಲ್ಲಿ, ಅವರು ಅದನ್ನು ನೋಡಬೇಕು.

ನಾನು ಉಡುಪಿಯಲ್ಲಿ ಮನೆಯಲ್ಲೇ ಕೂತು ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ ಟೈಪ್ ಮಾಡಿಕೊಡುತ್ತೇನೆ. ಕನ್ನಡ ಟೈಪ್ ಮಾಡುವವರಿಗೆ ಒಂದು ಕೀ ತಪ್ಪಿದರೆ ಆಗುವ ನಷ್ಟ ಇಂಗ್ಲಿಷಿನವರಿಗಿಂತ ಜಾಸ್ತಿ. ಶಿಫ್ಟ್ ಒಂದು ಸಲ ಕೈಕೊಟ್ಟರೆ ‘ದೇವಸ್ಥಾನದ ಬಳಿ’ ಎಂಬುದು ‘ದೇವಸ್ಥಾನದ ಬಲಿ’ ಆಗುತ್ತದೆ. ಎರಡೂ ಸರಿಯಾದ ಪದಗಳೇ, ಹಾಗಾಗಿ ಯಾವ ಕೆಂಪು ಗೆರೆಯೂ ಬರುವುದಿಲ್ಲ. ಕಾರ್ಡ್ ಅಚ್ಚಾಗಿ ಮನೆಮನೆಗೆ ಹೋದ ಮೇಲೆ ಗೊತ್ತಾದರೆ ಏನು ಮಾಡುವುದು? ಅದಕ್ಕೇ ಹೇಳುತ್ತೇನೆ, ಕೀಬೋರ್ಡನ್ನು ಸ್ವಚ್ಛ ಮಾಡುವುದಕ್ಕೂ ಮುಂಚೆ, ದುಡ್ಡು ಕೊಡುವುದಕ್ಕೂ ಮುಂಚೆ, ಯಾವ ಕೀ ಯಾವ ರೀತಿ ತಪ್ಪುತ್ತಿದೆ ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಶಿಫ್ಟ್ ಆದರೆ ಎಡದ್ದೋ ಬಲದ್ದೋ ಅಂತ ಬೇರೆ ಬೇರೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈಗ ಫಿಲ್ಟರ್ ಕೀಸ್ ನೋಡಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದನ್ನು ಆನ್ ಮಾಡಬೇಕಾ ಅಂತ ಒಂದು ಪೆಟ್ಟಿಗೆ ಬರುತ್ತದೆ, ಅವಸರದಲ್ಲಿ ನಾವು ಎಂಟರ್ ಒತ್ತಿಬಿಡುತ್ತೇವೆ. ಕೈ ನಡುಗುವವರಿಗೆ ಸಹಾಯ ಆಗಲಿ ಅಂತ ಮಾಡಿದ ಒಳ್ಳೆಯ ಸೌಲಭ್ಯ ಅದು. ಆದರೆ ಆನ್ ಆದ ಮೇಲೆ ಚಕ್ಕನೆ ಒತ್ತಿ ಬಿಟ್ಟ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳದೆ ಇರಬಹುದು. ನುಡಿಯಲ್ಲಿ ಟೈಪ್ ಮಾಡುವವರ ಕಿರುಬೆರಳು ಶಿಫ್ಟ್ ಮೇಲೇ ಇರುತ್ತದೆ, ಮುಂದಿನ ಪದ ಯೋಚಿಸುತ್ತಾ ಒತ್ತಿ ಹಿಡಿದದ್ದು ಗೊತ್ತೇ ಆಗುವುದಿಲ್ಲ. ನನಗೆ ಹೀಗೇ ಆಗಿತ್ತು. ರಿಪೇರಿ ಅಂಗಡಿಯಲ್ಲಿ ಕೀಬೋರ್ಡೇ ಬದಲಿಸಬೇಕು ಅಂದರು. ಮನೆಗೆ ತಂದು ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ, ಅಲ್ಲಿಂದ ಕೀಬೋರ್ಡ್‌ಗೆ ಹೋಗಿ ಫಿಲ್ಟರ್ ಕೀಸ್ ಆಫ್ ಮಾಡಿದೆ, ಸರಿಯಾಯಿತು. ಅದೇ ಜಾಗದಲ್ಲಿ ಅದರ ಶಾರ್ಟ್‌ಕಟ್ಟನ್ನೂ ಆಫ್ ಮಾಡಿಬಿಡಿ. ಮ್ಯಾಕ್ ಇದ್ದವರು ಆಕ್ಸೆಸಿಬಿಲಿಟಿಯಲ್ಲಿ ಸ್ಲೋ ಕೀಸ್ ಅಂತ ಇರುತ್ತದೆ, ಅದನ್ನು ನೋಡಿ.

ಆಮೇಲೆ ಯಾರದ್ದಾದರೂ ಯುಎಸ್‌ಬಿ ಕೀಬೋರ್ಡ್ ಕೇಳಿ ತಂದು ಚುಚ್ಚಿ, ಅದೇ ಮೂರು ಪದ ಟೈಪ್ ಮಾಡಿ. ಅದರಲ್ಲೂ ತಪ್ಪಿದರೆ ದೋಷ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಸರಿ ಬಂದರೆ ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ. ಅಕ್ಷರಗಳು ತಡವಾಗಿ ಒಟ್ಟಿಗೆ ಬಂದು ಬೀಳುತ್ತಿದ್ದರೆ ಅದು ತಪ್ಪಿದ್ದಲ್ಲ, ಯಂತ್ರಕ್ಕೆ ಹೊರೆ ಜಾಸ್ತಿಯಾಗಿದೆ, ಟಾಸ್ಕ್ ಮ್ಯಾನೇಜರ್ ತೆರೆದು ಯಾವ ಪ್ರೋಗ್ರಾಮ್ ಎಳೆಯುತ್ತಿದೆ ನೋಡಿ. ಅಕ್ಷರ ಇನ್ನೊಂದು ಸಾಲಿಗೆ ಹೋಗಿ ಕೂತಿದ್ದರೆ ಅಂಗೈ ಟಚ್‌ಪ್ಯಾಡಿಗೆ ತಾಗುತ್ತಿದೆ ಅಂತ ಅರ್ಥ. ಟಚ್‌ಪ್ಯಾಡ್ ಆಫ್ ಮಾಡಿ ಒಂದು ಪುಟ ಟೈಪ್ ಮಾಡಿದರೆ ತಿಳಿಯುತ್ತದೆ.

ಕೀಬೋರ್ಡಿನದ್ದೇ ದೋಷ ಅಂತ ಗೊತ್ತಾಯಿತು ಅನ್ನಿ. ಒಳಗೆ ಏನಿದೆ ಅಂತ ತಿಳಿದರೆ ಮುಂದಿನದ್ದು ಸುಲಭ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಕೀ ಟೋಪಿಯ ಕೆಳಗೆ ಕತ್ತರಿಯಂತೆ ಮಡಚುವ ಪ್ಲಾಸ್ಟಿಕ್ ಚೌಕಟ್ಟು, ಅದರ ನಡುವೆ ಪುಟ್ಟ ರಬ್ಬರ್ ಗುಮ್ಮಟ, ಅದರ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಗಳು. ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಇರುತ್ತವೆ. ಕೀ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಗೆ ತಾಗುತ್ತದೆ, ಯಾವುದಕ್ಕೆ ಯಾವುದು ತಾಗಿತು ಅಂತ ನೋಡಿ ಚಿಪ್ ಅಕ್ಷರ ಗುರುತಿಸುತ್ತದೆ. ಒಂದು ಗೆರೆಯನ್ನು ಹಲವು ಕೀಗಳು ಹಂಚಿಕೊಂಡಿರುತ್ತವೆ. ಹಾಗಾಗಿ ಒಂದೇ ಒಂದು ಕೀ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಅದರ ಕೆಳಗಿನ ಕೊಳೆ ಕಾರಣ, ಅದನ್ನು ನೀವೇ ತೆಗೆಯಬಹುದು. ಅಲ್ಲೊಂದು ಇಲ್ಲೊಂದು ನಾಲ್ಕಾರು ಕೀಗಳು ಒಟ್ಟಿಗೇ ತಪ್ಪುತ್ತಿದ್ದರೆ ಗೆರೆ ತುಂಡಾಗಿದೆ, ಇಲ್ಲವೇ ಮದರ್‌ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ಸಡಿಲವಾಗಿದೆ. ಅದನ್ನು ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ.

ನಮ್ಮ ಕರಾವಳಿಯ ಹವೆ ಈ ಗೆರೆಗಳಿಗೆ ಒಳ್ಳೆಯದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಸು ಬರುವ ಗಾಳಿ ಕೀಬೋರ್ಡಿನ ಒಳಗೂ ಹೋಗುತ್ತದೆ ಅಲ್ವಾ? ಮಲ್ಪೆ, ಪಣಂಬೂರು, ಉಳ್ಳಾಲದಂತೆ ಕಡಲಿಗೆ ಹತ್ತಿರ ಇದ್ದರೆ ಉಪ್ಪಿನಂಶವೂ ಸೇರುತ್ತದೆ. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ತೇವ ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಒಳಗೆ ಬರುವ ಸಣ್ಣ ಇರುವೆಗಳಿಗೂ ಕೀಬೋರ್ಡ್ ಬೆಚ್ಚಗಿನ ಜಾಗ, ಗೋಳಿಬಜೆ ತಿನ್ನುತ್ತಾ ಟೈಪ್ ಮಾಡಿದ್ದರೆ ಕೇಳುವುದೇ ಬೇಡ.

ಸ್ವಚ್ಛ ಮಾಡುವಾಗ ಅವಸರ ಬೇಡ ಮಾರಾಯ್ರೆ. ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಓರೆಯಾಗಿ ಹಿಡಿದು ಮೆಲ್ಲಗೆ ತಟ್ಟಿ, ಮೆತ್ತಗಿನ ಬ್ರಷ್‌ನಿಂದ ಸಂದಿಗಳನ್ನು ಗುಡಿಸಿ. ಒತ್ತಿದರೆ ಗಾಳಿ ಚಿಮ್ಮುವ ಡಬ್ಬಿ ಇದ್ದರೆ ಸ್ವಲ್ಪ ಸ್ವಲ್ಪವೇ ಊದಿ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಆಗಲೂ ಆ ಕೀ ಅಂಟಂಟಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, ಬಾಟಲಿಯ ಮೇಲೆ 99% ಅಂತ ಇರುವುದನ್ನೇ ಕೇಳಿ ತನ್ನಿ, 70% ಎಂದಿರುವುದರಲ್ಲಿ ನೀರು ಜಾಸ್ತಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ವಲ್ಪವೇ ತಾಗಿಸಿ ಕೀಯ ಸುತ್ತ ಒರೆಸಿ, ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ, ಒಣಗಲು ಬಿಟ್ಟು ಮತ್ತೆ ನೋಡಿ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸಬಹುದು. ಕೈಗೆ ಹಾಕುವ ಸ್ಯಾನಿಟೈಸರ್ ಕೂಡ ಬೇಡ, ಅದರ ಅಂಟು ಅಲ್ಲೇ ಉಳಿಯುತ್ತದೆ.

ಕೀ ಟೋಪಿ ಎಬ್ಬಿಸಲೇಬೇಕಾದರೆ ಮೊದಲು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ಬದಿಯಿಂದ ಎಬ್ಬಿಸಬೇಕು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ನಿಮ್ಮ ಮಾಡೆಲಿನದ್ದೇ ವಿಡಿಯೊ ನೋಡಿ ಮಾಡಿ. ಸ್ಪೇಸ್, ಎಂಟರ್, ಶಿಫ್ಟ್ ಮಾತ್ರ ಮುಟ್ಟಬೇಡಿ. ಈ ಉದ್ದದ ಕೀಗಳ ಕೆಳಗೆ ಸಾಮಾನ್ಯವಾಗಿ ತೆಳ್ಳಗಿನ ತಂತಿ ಇರುತ್ತದೆ, ಅದರ ಕೊಕ್ಕೆ ಮುರಿದರೆ ಮತ್ತೆ ಕೂರಿಸುವುದು ಕಷ್ಟ.

ಚಹಾ ಚೆಲ್ಲಿದ್ದರೆ ಮಾತು ಬೇರೆ. ಪವರ್ ಬಟನ್ ಒತ್ತಿ ಹಿಡಿದು ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ಟೆಂಟಿನ ಹಾಗೆ ಬೋರಲು ನಿಲ್ಲಿಸಿ. ಕುಚ್ಚಲಕ್ಕಿ ಚೀಲದಲ್ಲಿ ಹೂತಿಡಬೇಡಿ, ಅಕ್ಕಿ ಒಳಗಿನ ಸಕ್ಕರೆಯನ್ನು ಎಳೆಯುವುದಿಲ್ಲ, ಹುಡಿ ಮಾತ್ರ ಸಂದಿಗೆ ಹೋಗುತ್ತದೆ. ಹೇರ್ ಡ್ರೈಯರ್ ಬಿಸಿಯೂ ಬೇಡ. ಒಣಗಿದ ಮೇಲೆ ಆನ್ ಮಾಡಿ ನೋಡುವ ಆಸೆ ಆಗುತ್ತದೆ, ಬೇಡ, ಬಿಚ್ಚಿ ಸ್ವಚ್ಛ ಮಾಡುವವರಿಗೆ ಮೊದಲು ಕೊಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಓದಿ. ಕೀಬೋರ್ಡಿನ ನಡುವೆ ಸ್ವಲ್ಪ ಉಬ್ಬಿದಂತೆ ಕಂಡರೆ, ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಅದು ಕೊಳೆಯಲ್ಲ. ಬ್ಯಾಟರಿ ಊದಿಕೊಂಡು ಕೆಳಗಿನಿಂದ ತಳ್ಳುತ್ತಿರಬಹುದು. ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಿ ಸಮ ಮಾಡಲು ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹಿಡಿಯಬಹುದು. ಹಾಸಿಗೆ, ಪರದೆ ಬಟ್ಟೆಗಳಿಂದ ದೂರ ಇಟ್ಟು, ಬ್ಯಾಟರಿ ಬದಲಿಸುವವರ ಹತ್ತಿರ ಒಯ್ಯಿರಿ.

ಬದಲಿಸುವುದೇ ಆದರೆ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಪಟ್ಟಿ ಕೇಬಲ್ ತೆಗೆದು ಮತ್ತೆ ಹಾಕಿ ನೋಡಿದ್ದೀರಾ? ಈ ಮಾಡೆಲಿನಲ್ಲಿ ಕೀಬೋರ್ಡ್ ಸ್ಕ್ರೂ ಮೇಲೆ ಕೂತಿದೆಯಾ, ಮೇಲಿನ ಕವಚಕ್ಕೇ ಪ್ಲಾಸ್ಟಿಕ್ ಕರಗಿಸಿ ಸೇರಿಸಿದ್ದಾ? ಎರಡನೆಯದಾದರೆ ಎಷ್ಟೋ ಸಲ ಕವಚದ ಸಮೇತ ಬದಲಿಸಬೇಕಾಗುತ್ತದೆ, ಖರ್ಚು ಜಾಸ್ತಿ. ನಿಮ್ಮ ಕಾಗದವನ್ನೂ ತೋರಿಸಿ, ಯಾವ್ಯಾವ ಕೀ ತಪ್ಪುತ್ತಿದೆ ಅಂತ ಬರೆದದ್ದು ಉಂಟಲ್ಲ, ಅದು.

ನಾಳೆಯೇ ಕೊಡಬೇಕಾದ ಕೆಲಸ ಇದ್ದರೆ ಯುಎಸ್‌ಬಿ ಕೀಬೋರ್ಡಿನಲ್ಲೇ ಮುಗಿಸಿ. ಅದೂ ಇಲ್ಲ ಅಂದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಪುಕ್ಕಟೆ ಸಿಗುತ್ತದೆ, ಅದರ ಕೀಬೋರ್ಡ್ ಮ್ಯಾನೇಜರಿನಲ್ಲಿ ಸತ್ತ ಕೀಯ ಕೆಲಸವನ್ನು ನೀವು ಬಳಸದ ಇನ್ನೊಂದು ಕೀಗೆ ವಹಿಸಬಹುದು. ನಾನು ಒಮ್ಮೆ ಎಫ್ ಕೀಯ ಕೆಲಸವನ್ನು ಕ್ಯಾಪ್ಸ್ ಲಾಕಿಗೆ ಕೊಟ್ಟು ಒಂದು ಸ್ಮರಣ ಸಂಚಿಕೆ ಮುಗಿಸಿದ್ದೇನೆ. ಮೊದಲ ಪುಟಗಳಲ್ಲಿ ಬೆರಳು ತಡಕಾಡಿತು, ಆಮೇಲೆ ಒತ್ತಕ್ಷರಗಳೆಲ್ಲ ಸರಿಯಾಗಿ ಬಂದವು.